ಮಂದಾಕಿನಿ ಎತ್ತಿದ ಕಾಲು

ನನ್ನ ಮೇಲೆ ಆರೋಪ ಹೊರಿಸುವವರು ಮೊದಲು ಪೂರ್ತಿ ಸಂಗತಿ ಕೇಳಬೇಕು. ಮನೆಯವರಿಗೆ ಸುಳ್ಳು ಹೇಳಿ ನಾನು ಮೂರು ದಿನ ಕಾರವಾರದಿಂದ ಅಂಕೋಲೆಗೆ, ಅಂಕೋಲೆಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ತಿರುಗಿದ್ದು ನಿಜ. ಆ ಮೂರೂ ದಿನ ನನ್ನ ಜೊತೆ ಒಬ್ಬ ಹೆಂಗಸು ಇದ್ದದ್ದೂ ನಿಜ. ಆದರೆ ಅವಳ ಒಂದು ಕಾಲು ಸಮುದ್ರದ ನೀರಿನಲ್ಲಿತ್ತು, ಇನ್ನೊಂದು ಗಾಳಿಯಲ್ಲಿತ್ತು. ಅಂಥವಳ ಜೊತೆ ಯಾವ ಗಂಡಸು ತಾನೆ ಓಡಿಹೋದಾನು?

ಅವಳ ಹೆಸರು ಮಂದಾಕಿನಿ. ನನ್ನ ಕಥೆಯ ನಾಯಕಿ. (ನನ್ನ ಹೆಸರು ಮಧುಕರ. ಅದು ಅಷ್ಟು ಮುಖ್ಯವಲ್ಲ ಎಂದು ಮುಂದೆ ನಿಮಗೇ ತಿಳಿಯುತ್ತದೆ.) ನನಗೆ ಕೈಗಾದಲ್ಲಿ ಸ್ಟೋರ್ಸಿನ ಕೆಲಸ. ದಿನಾ ಕಂಪನಿ ಬಸ್ಸಿನಲ್ಲಿ ಹೋಗಿಬರುವಾಗ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತೇನೆ. ಆದರೆ ಪಕ್ಕದ ಸೀಟಿನ ಅಶೋಕ ಊರು ದಾಟುವುದರೊಳಗೆ ನನ್ನ ಬಲಹೆಗಲ ಮೇಲೆ ತಲೆಯಿಟ್ಟು ಗೊರಕೆ ಶುರುಮಾಡುತ್ತಾನೆ. ಅವನ ತಲೆ ಹೊತ್ತುಕೊಂಡು ದಿನಕ್ಕೆ ನಾಲ್ಕು ಸಾಲು ಬರೆದರೆ ಹೆಚ್ಚು. ಹೀಗಾಗಿ, ಸಮುದ್ರಕ್ಕೆ ಇಳಿಯಲೋ ಬೇಡವೋ ಎಂದು ದಂಡೆಗೆ ಬಂದ ಮಂದಾಕಿನಿ ಒಂದು ಕಾಲು ನೀರಿಗಿಟ್ಟು ಇನ್ನೊಂದನ್ನು ಎತ್ತಿ ಆಗಲೇ ಮೂರು ತಿಂಗಳಾಗಿತ್ತು.

ಅಂಥ ಹೊತ್ತಿನಲ್ಲಿ ಹುಬ್ಬಳ್ಳಿಯ ಪತ್ರಿಕೆಯೊಂದರ ಸಂಪಾದಕರ ಫೋನು ಬಂತು. ನನ್ನ ಹನ್ನೊಂದು ಕಥೆಗಳನ್ನು ವಿಷಾದಪೂರ್ವಕವಾಗಿ ಮರಳಿಸಿದ ಮಹಾನುಭಾವರು ಅವರೇ. "ದೀಪಾವಳಿ ಸಂಚಿಕೆಯೊಳಗ ನಾಲ್ಕು ಪುಟ ಖಾಲಿ ಅದಾವ್ರಿ. ಶನಿವಾರ ಸಂಜಿಯೊಳಗ ಕತಿ ಬಂದ್ರ ಹಾಕ್ತೀನಿ. ಇಲ್ಲಾಂದ್ರ ಪಟಾಕಿ ಜಾಹೀರಾತು ಹಾಕ್ತೀನಿ" ಎಂದರು. ಇಪ್ಪತ್ತು ವರ್ಷದಿಂದ ನನ್ನ ಹೆಸರನ್ನು ಅಚ್ಚಿನಲ್ಲಿ ನೋಡಬೇಕೆಂದು ಜೀವ ಹಿಡಿದುಕೊಂಡವನು ನಾನು. (ಒಮ್ಮೆ ನಮ್ಮ ಮದುವೆಯ ಕರೆಯೋಲೆಯಲ್ಲಿ ಬಂದಿತ್ತು. ಅದರಲ್ಲೂ 'ಮುಧಕರ' ಎಂದಿತ್ತು.) ನಾನು ಪಟಾಕಿಗೆ ಸೋಲುವುದೆ? ಕೂಡಲೇ ಲೆಕ್ಕ ಹಾಕಿದೆ. ಕುಲುಕುವ ಬಸ್ಸಿನಲ್ಲಿ, ಅಶೋಕನ ತಲೆಯ ಕೆಳಗೆ ದಿನಕ್ಕೆ ನಾಲ್ಕು ಸಾಲಾದರೆ, ಮನೆಯಲ್ಲಿ ಮೇಜು, ಕುರ್ಚಿ, ಫ್ಯಾನು ಸಮೇತ ಕುಳಿತರೆ ದಿನಕ್ಕೆ ಒಂದು ಕಾದಂಬರಿ! ವಾರದ ರಜೆ ಬರೆದುಕೊಟ್ಟು ಬಂದೆ.

ಸೋಮವಾರ ಬೆಳಿಗ್ಗೆ ಮೇಜಿನ ಮುಂದೆ ಕುಳಿತು ಪೆನ್ನಿನ ಟೊಪ್ಪಿ ತೆಗೆದೆ. ನನ್ನ ಹೆತ್ತ ಆಯಿ ಬಂದು ಹಣೆ ಮುಟ್ಟಿ ನೋಡಿದಳು.

"ಜ್ವರ ಇಲ್ಲ. ಮತ್ತೆ ಯಾಕೋ ಮನೆಲಿ ಕೂತಿ?"

"ಬರೆಯೂಕೆ ರಜೆ ಹಾಕಿದೆ, ಆಯಿ."

"ಬರೆಯೂಕೆ ಯಾರಾದ್ರೂ ರಜೆ ಕೊಡ್ತಾರೇನೋ? ನನ್ನ ಹತ್ರ ಖರೆ ಹೇಳು ತಮಾ, ಕೆಲಸ ಹೋಯ್ತಾ?"

ಇಲ್ಲ ಎಂದು ಆಣೆ ಮಾಡಿದೆ. ಆಣೆ ಮಾಡಿದ್ದರಿಂದಲೇ ಅವಳಿಗೆ ಸಂಶಯ ಗಟ್ಟಿಯಾಯಿತು. ಹತ್ತು ಗಂಟೆಯ ಹೊತ್ತಿಗೆ ಕೇರಿಯವರು ಒಬ್ಬೊಬ್ಬರಾಗಿ ಬಂದು ನನ್ನ ಎದುರು ಕುಳಿತು ನಿಟ್ಟುಸಿರು ಬಿಡತೊಡಗಿದರು. ಒಬ್ಬರು ಬಾಳೆಹಣ್ಣು ತಂದರು. ಇನ್ನೊಬ್ಬರು ನನ್ನ ಕೈ ಹಿಡಿದು "ಧೈರ್ಯ ಬಿಡಬೇಡ ಮಾರಾಯಾ, ನಮ್ಮ ಭಾವನ ಅಂಗಡಿಲಿ ಜನ ಬೇಕಂತೆ" ಎಂದರು. ಬಂದವರಿಗೆಲ್ಲ ಚಹಾ ಮಾಡಿದ್ದು ನಾನೇ. ಯಾಕೆಂದರೆ ನನ್ನ ಹೆಂಡತಿ ಯಶೋದಾ, "ಹೇಗೂ ಮನೆಲೇ ಇದ್ರಲ್ಲ" ಎಂಬ ಮಂತ್ರವನ್ನು ಅಂದು ಬೆಳಿಗ್ಗೆಯೇ ಸಿದ್ಧಿಸಿಕೊಂಡಿದ್ದಳು. ಹೇಗೂ ಮನೆಲೇ ಇದ್ರಲ್ಲ, ಗ್ಯಾಸಿನವ ಬಂದ್ರೆ ನೋಡಿ. ಹೇಗೂ ಮನೆಲೇ ಇದ್ರಲ್ಲ, ಒಂದು ಕಾಯಿ ತುರೀರಿ. ಎರಡು ದಿನದಲ್ಲಿ ನಾನು ಆರು ಕಾಯಿ ತುರಿದೆ, ಐವತ್ತು ಬಂಗಡೆ ಮೀನು ಸೋಸಿ ತೊಳೆದೆ, ಹನ್ನೆರಡು ಜನರಿಂದ ಸಾಂತ್ವನ ಪಡೆದೆ. ಸಾಲು ಮಾತ್ರ ಒಂದೂ ಬರೆಯಲಿಲ್ಲ. ಮಂದಾಕಿನಿಯ ಕಾಲು ಎತ್ತಿದಲ್ಲೇ ಇತ್ತು.

ಮಂಗಳವಾರ ಸಂಜೆ ತುರಿಮಣೆಯ ಮೇಲೆ ಕುಳಿತಿದ್ದಾಗ ನನಗೆ ಜ್ಞಾನೋದಯವಾಯಿತು. ನನಗೆ ಬೇಕಾದದ್ದು ಮೇಜಲ್ಲ, ಬಸ್ಸು. ಅಶೋಕನಿಲ್ಲದ ಬಸ್ಸು!

ಬುಧವಾರ ಯೂನಿಫಾರ್ಮ್ ಹಾಕಿ, ಬುತ್ತಿ ಹಿಡಿದು, "ರಜೆ ಕ್ಯಾನ್ಸಲ್ ಆಯ್ತು, ಅರ್ಜೆಂಟ್ ಕರೆದಿದ್ದಾರೆ" ಎಂದು ಹೊರಟೆ. (ಕೆಲಸ ಹೋಗಿಲ್ಲವೆಂದು ಆಯಿ ದೇವರಿಗೆ ದೀಪ ಹಚ್ಚಿದಳು.) ನೇರ ಕಾರವಾರ ಬಸ್‌ಸ್ಟ್ಯಾಂಡಿಗೆ ಹೋಗಿ ಅಂಕೋಲೆಯ ಲೋಕಲ್ ಬಸ್ಸು ಹತ್ತಿದೆ. ಬಸ್ಸು ಕುಲುಕಿದ್ದೇ ತಡ, ಪೆನ್ನು ಓಡತೊಡಗಿತು! ಬಿಣಗಾದ ಸುರಂಗದ ಕತ್ತಲೆಯಲ್ಲೂ ಬರೆದೆ. (ಅಲ್ಲಿ ಬರೆದ ಸಾಲುಗಳು ಒಂದರ ಮೇಲೊಂದು ಬಿದ್ದು ಬಹಳ ಗಹನವಾಗಿ ಕಾಣುತ್ತವೆ.) ಅಂಕೋಲೆಯಲ್ಲಿ ಇಳಿದು ಒಂದು ಚಹಾ ಕುಡಿದು, ತಿರುಗಿ ಅದೇ ಬಸ್ಸು ಹತ್ತಿದೆ. ದಿನಕ್ಕೆ ಮೂರು ಸಲ ಹೋದೆ, ಮೂರು ಸಲ ಬಂದೆ. ಮಾತುಗಳನ್ನು ಬಾಯಲ್ಲಿ ಹೇಳಿ ನೋಡುವ ಅಭ್ಯಾಸ ನನಗೆ. "ಮಂದಾಕಿನೀ, ಕಾಲು ಇಳಿಸು" ಎಂದು ಗೊಣಗಿದಾಗ ಎದುರು ಸೀಟಿನ ಹೆಂಗಸು ಗಡಬಡಿಸಿ ಕಾಲು ಇಳಿಸಿ ಕುಳಿತಳು. ಗುರುವಾರ ಸಂಜೆಯ ಹೊತ್ತಿಗೆ ಹದಿನಾಲ್ಕು ಪುಟವಾಗಿತ್ತು. ಕಾಲು ಇನ್ನೂ ಕೆಳಗೆ ಬಂದಿರಲಿಲ್ಲ, ಆದರೆ ಬರುವ ಲಕ್ಷಣವಿತ್ತು.

ಶುಕ್ರವಾರ ಬೆಳಗಿನ ಬಸ್ಸು ಅರ್ಗಾ ದಾಟಿ ಅಮದಳ್ಳಿಯ ಹತ್ತಿರ ಬಂದಿತ್ತು. ಬರೆದ ಪುಟಗಳನ್ನು ಮೊದಲಿನಿಂದ ತಿರುವಿ ಓದುತ್ತಿದ್ದಾಗ ಕಿವಿಯ ಪಕ್ಕದಲ್ಲೇ ಒಂದು ದನಿ ಕೇಳಿತು.

"ಅವಳ ಕಾಲು ಒಮ್ಮೆ ಕೆಳಗೆ ಇಡ್ಸಿ ನೋಡ್ವಾ."

ನನ್ನ ಅಂತರಾತ್ಮವೇ ಮಾತಾಡಿತು ಎಂದುಕೊಂಡೆ. ಆದರೆ ಅಂತರಾತ್ಮಕ್ಕೆ ಅಬ್ಬಲಿಗೆ ಹೂವಿನ ವಾಸನೆ ಇರುವುದಿಲ್ಲ. ತಿರುಗಿ ನೋಡಿದರೆ, ಹಿಂದಿನ ಸೀಟಿನಲ್ಲಿ ತಲೆತುಂಬ ಸೆರಗು ಹೊದ್ದು ಕುಳಿತಿದ್ದಾಳೆ ಯಶೋದಾ!

"ನೀನು... ಇಲ್ಲಿ?"

"ನೀವು ಕೈಗಾದಲ್ಲಿ ಇರ್ಬೇಕಾಗಿತ್ತಲ್ಲ? ಕೈಗಾಕ್ಕೆ ಅಂಕೋಲೆ ಮೇಲಿಂದ ಹೊಸ ದಾರಿ ಆಯ್ತಾ?" ಎಂದಳು. "ನಿನ್ನೆ ಬೀರಿ ಚಿಕ್ಕಿ ಫೋನ್ ಮಾಡಿತ್ತು."

ಯಶೋದಾಳ ತವರು ಅಂಕೋಲೆ. ಅವಳ ಚಿಕ್ಕಮ್ಮ ಬೀರಿ ಕಾಯಿಪಲ್ಯ ಮಾರಲು ಕೂರುವುದು ಅಂಕೋಲೆ ಬಸ್‌ಸ್ಟ್ಯಾಂಡಿನ ಎದುರಿಗೇ! ಎರಡು ದಿನ ಆರು ಸಲ ನಾನು ಅವಳ ಹರಿವೆ ಸೊಪ್ಪಿನ ಪಕ್ಕದಲ್ಲೇ ನಿಂತು ಚಹಾ ಕುಡಿದಿದ್ದೆ. ಮಂದಾಕಿನಿಯ ಧ್ಯಾನದಲ್ಲಿ ಚಿಕ್ಕಿ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

"ಚಿಕ್ಕಿ ಹೇಳ್ತು, ಯಾವುದೋ ಮಂದಾಕಿನಿ ಹೆಸರು ಜಪಿಸ್ತಾ ತಿರುಗ್ತ್ರು ಅಂತ. ಇವತ್ತು ಇಬ್ಬರನ್ನೂ ಒಟ್ಟಿಗೆ ಹಿಡಿಯೂಕೆ ಬಂದೆ. ನಿಮ್ಮ ಹೆಗಲ ಮೇಲಿಂದ ಓದ್ತಾ ಓದ್ತಾ ನನಗೇ ಪಾಪ ಅನ್ನಿಸ್ತು. ಹದಿನಾಲ್ಕು ಪುಟ ಒಂಟಿ ಕಾಲಲ್ಲಿ ನಿಲ್ಲಿಸ್ತ್ರಲ್ಲ, ನಿಮಗೆ ಕರುಣೆ ಇಲ್ವಾ?"

"ಯಾರು ಒಂಟಿ ಕಾಲಲ್ಲಿ ನಿಂತವ್ರು?" ಕಂಡಕ್ಟರ್ ಕೂಗಿದ. "ಹಿಂದೆ ಸೀಟು ಖಾಲಿ ಅದೆ, ಕೂತ್ಕೊಳ್ಳಿ!"

ಯಶೋದಾ ನೋಟ್‌ಬುಕ್ ಕಸಿದು ಇಡೀ ಬಸ್ಸಿಗೆ ಕೇಳುವಂತೆ ಓದಿದಳು. ಹುಣ್ಣಿಮೆಯ ಸಂಜೆ, ಉಕ್ಕುವ ಕಡಲು, ನಾಯಕಿಯ ಮೊಣಕಾಲನ್ನು ಚುಂಬಿಸುವ ತೆರೆ. ಮೀನಿನ ಬುಟ್ಟಿ ಕಾಲ ಹತ್ತಿರ ಇಟ್ಟುಕೊಂಡಿದ್ದ ಗಂಗೆ ಎಂಬವಳು ಎದ್ದೇ ನಿಂತಳು.

"ಹುಣ್ಣಿಮೆ ಸಂಜಿಗೆ ಇಳಿತ ಇರೂದು ಮಾರಾಯಾ! ನೀರು ಅಲ್ಲೆಲ್ಲೋ ದೂರ ಇರ್ತದೆ. ಅವಳು ಕಾಲು ಇಟ್ಟದ್ದು ರಾಡಿಲಿ!"

"ಇದು ಸಾಂಕೇತಿಕ" ಎಂದೆ.

"ಎಂಥದೇ ಇರ್ಲಿ, ರಾಡಿ ರಾಡಿನೇ" ಎಂದಳು ಗಂಗೆ. ಇಡೀ ಬಸ್ಸು ಅವಳ ಪಕ್ಷ ವಹಿಸಿತು.

ಅಂಕೋಲೆಯಲ್ಲಿ ಇಳಿದರೆ ನನ್ನ ಮಾವ ಜಟ್ಟಿಯವರು ಕಂಕುಳಲ್ಲಿ ಜೀವಂತ ಕೋಳಿ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಬೀರಿ ಚಿಕ್ಕಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅಳಿಯಂದ್ರೆ, ನಮ್ಮಿಂದ ಎಂಥಾ ತಪ್ಪಾಯ್ತು ಹೇಳ್ಬಿಡಿ" ಎಂದರು ಮಾವ. "ದಿನಕ್ಕೆ ಮೂರು ಸಲ ಅಂಕೋಲೆಗೆ ಬಂದು ನಮ್ಮನೆ ಮೆಟ್ಲು ಹತ್ಲಿಲ್ಲ ಅಂದ್ರೆ ನಾ ಊರಲ್ಲಿ ಮುಖ ಹೆಂಗೆ ತೋರ್ಸೂದು?"

ನಾನು ಕಥೆ ಬರೆಯುತ್ತಿದ್ದೆ ಎಂದೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲವೆಂದು ತಿಳಿದು ಮಾವ ಎರಡನೇ ಕೋಳಿಗೆ ಹೇಳಿಕಳಿಸಿದರು. ಮತ್ತೇನು, ಮೊದಲ ಕೋಳಿಯ ಸಾರು, ವಡೆ, ಬಡಿಸಿದಷ್ಟೂ ತಿನ್ನುವ ಶಿಕ್ಷೆ. ಬೇಡ ಎಂದರೆ ಚಿಕ್ಕಿ ಮತ್ತೆ ಸೆರಗು ಕಣ್ಣಿಗೆ ಒಯ್ಯುತ್ತಿದ್ದಳು. ಉಂಡು ಬಿದ್ದವನು ಎದ್ದಾಗ ಸಂಜೆ. ಜೀವಂತವಿದ್ದ ಎರಡನೇ ಕೋಳಿಯನ್ನು ಹಿಡಿದುಕೊಂಡು ಯಶೋದಾಳ ಜೊತೆ ಕಾರವಾರಕ್ಕೆ ಮರಳಿದೆ. ಉಳಿದದ್ದು ಶನಿವಾರ ಒಂದೇ ದಿನ. ಇಪ್ಪತ್ತು ವರ್ಷದ ಆಸೆ ಅದರ ಮೇಲೆ ನಿಂತಿತ್ತು.

ಶನಿವಾರ ಬೆಳಿಗ್ಗೆ ಎದ್ದು ನೋಟ್‌ಬುಕ್ ಹುಡುಕಿದೆ. ಇಲ್ಲ. ಯಶೋದಾಳನ್ನು ಹುಡುಕಿದೆ. ಅವಳೂ ಇಲ್ಲ!

"ಆರೂವರೆ ಬಸ್ಸಿಗೆ ಹೋದ್ಲು" ಎಂದಳು ಆಯಿ. "ನಿನಗೆ ಟಿಕೇಟು ತೆಗೀಬೇಕು, ಅವಳಿಗೆ ಆಧಾರ್ ತೋರ್ಸಿದ್ರೆ ಫ್ರೀ ಅಂತೆ. ಮಂದಾಕಿನಿನ ನಾನೇ ದಡ ಸೇರ್ಸಿ ಬರ್ತೆ ಅಂದ್ಲು. ಹೇಗೂ ಮನೆಲೇ ಇದ್ದಿಯಲ್ಲ, ಕೋಳಿ ನೋಡ್ಕೋ."

ಆ ಕೋಳಿ ಹಗ್ಗ ಬಿಡಿಸಿಕೊಂಡು ಕೇರಿಯ ಏಳು ಅಂಗಳ ಸುತ್ತಿತು. ಯೂನಿಫಾರ್ಮ್ ಇಲ್ಲದೆ ಹಗಲು ಹೊತ್ತಿನಲ್ಲಿ ಕೋಳಿಯ ಹಿಂದೆ ಓಡುವ ನನ್ನನ್ನು ಕಂಡು, ಕೆಲಸ ಹೋದದ್ದು ಖರೆ ಎಂದು ಕೇರಿಯವರಿಗೆ ಖಾತ್ರಿಯಾಯಿತು. ಮತ್ತೆ ಬಾಳೆಹಣ್ಣು ಬಂತು.

ಸಂಜೆ ಐದಕ್ಕೆ ಯಶೋದಾ ನಗುನಗುತ್ತ ಬಂದಳು. "ಮುಗೀತು. ಪುಟಗಳ ಫೋಟೋ ತೆಗ್ದು ಸಂಪಾದಕರಿಗೆ ಕಳಿಸ್ದೆ" ಎಂದಳು. "ಯಾವ ಹೆಸರಲ್ಲಿ?" ಎಂದು ನಾನು ಬಾಯಿ ತೆರೆಯುವುದರೊಳಗೆ ಸಂಪಾದಕರದೇ ಫೋನು.

"ಮಧುಕರ ಅವರೇ, ಮೊದಲಿನ ಹದಿನಾಲ್ಕು ಪುಟ ತೆಗೆದುಬಿಟ್ಟೀವ್ರಿ. ಆಮೇಲಿಂದು ಬಾಳ ಚಲೋ ಅದ. ಆಕಿ ರಾಡಿಯಿಂದ ಕಾಲು ತಕ್ಕೊಂಡು, ತೊಳಕೊಂಡು, ಹತ್ತು ಗಂಟೆ ಬಸ್ಸು ಹತ್ತಿ ಹೊಂಟುಬಿಡ್ತಾಳಲ್ಲ, ಮನಿಮಂದೆಲ್ಲ ನಕ್ಕು ಕಣ್ಣೀರು ಹಾಕಿದೆವು. ಬರದಾಕಿ ಯಶೋದಾ ಅಂದ್ರ ನಿಮ್ಮ ಮನಿಯವರಾ? ಮುಂದಿನ ತಿಂಗಳಿಗೂ ಒಂದು ಬೇಕಂತ ಹೇಳ್ರಿ."

ಸಂಚಿಕೆ ಬಂತು. ಯಶೋದಾಳ ಹೆಸರು ತಪ್ಪಿಲ್ಲದೆ ಅಚ್ಚಾಗಿತ್ತು. ಕಂಪನಿ ಬಸ್ಸಿನಲ್ಲಿ ಅಶೋಕ ಅದನ್ನು ಓದುತ್ತ ಮೊದಲ ಸಲ ಕೈಗಾದವರೆಗೆ ಎಚ್ಚರವಿದ್ದ. "ಯಶೋದಕ್ಕ ಎಷ್ಟು ಚಂದ ಬರೀತಾರಲ್ಲೋ! ನೀನೂ ದಿನಾ ಸುಮ್ನೆ ಕೂರೂ ಬದಲು ಏನಾದ್ರೂ ಬರೀಬಾರ್ದಾ?" ಎಂದ.

ಈಗ ಪ್ರತಿ ಭಾನುವಾರ ಯಶೋದಾ ಹತ್ತು ಗಂಟೆಯ ಬಸ್ಸಿಗೆ ಬರೆಯಲು ಹೋಗುತ್ತಾಳೆ. ಗಂಗೆ ಅವಳಿಗೆ ಕಿಟಕಿಯ ಸೀಟು ಹಿಡಿದಿಟ್ಟಿರುತ್ತಾಳಂತೆ. ನಾನು ಮನೆಯಲ್ಲೇ ಇರುತ್ತೇನಲ್ಲ, ಕಾಯಿ ತುರಿಯುತ್ತೇನೆ. ಕಳೆದ ವಾರ ಕಾಯಿ ತುರಿಯುತ್ತಿರುವಾಗ ಹಿತ್ತಿಲಲ್ಲಿ ನನಗೊಂದು ಅದ್ಭುತವಾದ ಸಾಲು ಹೊಳೆಯಿತು. ಮರೆತುಹೋಗುವ ಮೊದಲೇ ಬರೆದಿಡಬೇಕೆಂದು ಒಳಗೆ ಓಡಿ ಬಂದು, ಅಡುಗೆಮನೆಯ ಹೊಸ್ತಿಲು ದಾಟಿ ಒಂದು ಕಾಲು ಇಟ್ಟೆ, ಇನ್ನೊಂದು ಎತ್ತಿದೆ.

"ಕಾಲು ಇಟ್ರೆ ನೋಡು! ಈಗಷ್ಟೇ ನೆಲ ಒರೆಸಿದ್ದೆ" ಎಂದು ಆಯಿ ಒಳಗಿನಿಂದ ಕೂಗಿದಳು. "ಒಣಗೂ ತನಕ ಅಲ್ಲೇ ನಿಲ್ಲು."

ನಿಂತೆ. ಸಾಲು ಮರೆತುಹೋಯಿತು. ಸಮುದ್ರದ ಕಡೆಯ ಹಸಿಗಾಳಿ, ನೆಲ ಬೇಗ ಒಣಗುವುದೂ ಇಲ್ಲ. ಯಶೋದಾಳ ಬಸ್ಸು ಬರಲು ಇನ್ನೂ ಎರಡು ತಾಸು ಇತ್ತು.