ಎಡಗಡೆ ಸೀಟಿನಲ್ಲಿ ಅತ್ತೆ

ಗಂಡ ಹೆಂಡತಿ ಜಗಳದಲ್ಲಿ ಆಡಿದ ಮಾತನ್ನು ಯಾರೂ ನಂಬುವುದಿಲ್ಲ ಎಂದೇ ನಾನು ತಿಳಿದಿದ್ದೆ. "ನಾಳೆಯೇ ತವರಿಗೆ ಹೊರಟೆ" ಎಂದು ಕೂಗಿದ ಹೆಂಗಸು ಅದೇ ಗಳಿಗೆಯಲ್ಲಿ ನಾಳೆಯ ಇಡ್ಲಿಗೆ ಉದ್ದು ನೆನೆಹಾಕುತ್ತಾಳೆ. "ಇನ್ನು ನಿನ್ನ ಹತ್ತಿರ ಮಾತೇ ಇಲ್ಲ" ಎಂದ ಗಂಡಸು ಸ್ನಾನದ ಕೋಣೆಯಿಂದ ತಲೆ ಹೊರಹಾಕಿ ಟವೆಲ್ ಕೇಳುತ್ತಾನೆ. ಇದು ಸಂಸಾರದ ಕಾನೂನು. ಈ ಕಾನೂನು ಗೊತ್ತಿಲ್ಲದವರು ಒಬ್ಬರೇ ಒಬ್ಬರು, ಅವರೂ ನಮ್ಮ ಮನೆಯಲ್ಲೇ ಇದ್ದರು. ಅವರು ನನ್ನ ಅತ್ತೆ. ನಾನು ಲಾರಿ ಕಲಿಯುವಂತಾದದ್ದು ಅವರು ನನ್ನ ಮಾತನ್ನು ನಂಬಿದ್ದರಿಂದ.

ಆಗ ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಎಂಬ ಕೈಗಾರಿಕಾ ವಲಯದ ವಸತಿ ಭಾಗದಲ್ಲಿದ್ದೆವು. ಸಂಜೆ ಯಾವ ಕಂಪನಿ ಏನು ಬೇಯಿಸುತ್ತಿದೆ ಎಂದು ವಾಸನೆಯಿಂದಲೇ ಹೇಳಿ ಕಿಟಕಿ ಮುಚ್ಚುವಷ್ಟು ಹಳಬರಾಗಿದ್ದೆವು. ಇವರಿಗೆ, ಅಂದರೆ ನನ್ನ ಗಂಡ ಜಯಕರರಿಗೆ, ಒಂದು ಲಾರಿ ಇತ್ತು. ಕಂಪನಿಗಳಿಂದ ಡ್ರಮ್ಮು, ಪೆಟ್ಟಿಗೆ ತುಂಬಿಸಿಕೊಂಡು ನವಿ ಮುಂಬೈಯ ಕಳಂಬೋಲಿ ಗೋದಾಮುಗಳಿಗೆ ಇವರೇ ಓಡಿಸುತ್ತಿದ್ದರು. ಒಂದು ದಿನ ಟಾರ್ಪಾಲಿನ ಹಗ್ಗ ಎಳೆಯುವಾಗ ಬೆನ್ನಿನೊಳಗೆ ಏನೋ 'ಟಕ್' ಎಂದಿತು. ಡಾಕ್ಟರು ಡಿಸ್ಕ್ ಜಾರಿದೆ ಎಂದರು, ಇನ್ನು ಲಾರಿ ಹತ್ತಬಾರದು ಎಂದರು. ಅಲ್ಲಿಂದ ಮುಂದೆ ನಮ್ಮಲ್ಲಿಗೆ ಬಂದ ಡ್ರೈವರುಗಳದ್ದೇ ಒಂದು ಪುರಾಣ. ಒಬ್ಬ ಅಣ್ಣನ ಮದುವೆಗೆಂದು ಊರಿಗೆ ಹೋದವನು ಅಣ್ಣನಿಗೆ ಮಗುವಾದರೂ ಬರಲಿಲ್ಲ. ಇನ್ನೊಬ್ಬ ಬಂದ, ಊಟ ಮಾಡಿದ, ಬಂಗುಡೆ ಸಾರು ಚೆನ್ನಾಗಿದೆ ಎಂದ, ಲಾರಿ ನೋಡಿ ಹೋದ. ಲಾರಿ ರಸ್ತೆ ಬದಿಯಲ್ಲಿ ನಿಂತೇ ಇತ್ತು. ಪಕ್ಕದ ಬಿಲ್ಡಿಂಗಿನವರು ಅದರ ನೆರಳಿನಲ್ಲಿ ಚಾಪೆ ಹಾಸಿ ಅಕ್ಕಿ ಆರಿಸತೊಡಗಿದರು.

ಟಿಟ್ವಾಳಾದಲ್ಲಿ ನನ್ನ ನಾದಿನಿಯ ಗಂಡನದ್ದು, ಅಂದರೆ ಇವರ ಭಾವನದ್ದು, ಒಂದು ಹೋಟೆಲು. "ಲಾರಿ ಮಾರಿ ಬಾ, ಗಲ್ಲಾದಲ್ಲಿ ಕೂರು, ಬೆನ್ನಿಗೂ ಸುಖ" ಎಂದು ಅವರು ಕರೆಯುತ್ತಿದ್ದರು. ಒಂದು ಭಾನುವಾರ ಭಿವಂಡಿಯಿಂದ ಒಬ್ಬ ಲಾರಿ ನೋಡಲು ಬಂದ. ಅವನು ನೋಡಿದ್ದು ಕಣ್ಣಿನಿಂದಲ್ಲ, ಕಾಲಿನಿಂದ. ಪ್ರತಿ ಟಯರಿಗೂ ಒಂದೊಂದು ಒದೆ ಕೊಟ್ಟ. ಇವರು ಪಕ್ಕದಲ್ಲಿ ಬೆನ್ನಿನ ಬೆಲ್ಟು ಬಿಗಿದುಕೊಂಡು ನಿಂತಿದ್ದರು. ಪ್ರತಿ ಒದೆಗೂ ಅವರ ಮುಖ ಸಣ್ಣದಾಗುತ್ತಿತ್ತು. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಇವರು ಮೇಲೆ ಬಂದ ಕೂಡಲೇ ನನಗೇ ಗೊತ್ತಿಲ್ಲದ ಸಿಟ್ಟಿನಿಂದ, "ಆ ಒದೆಯುವವನಿಗೆ ಕೊಡ್ಲಿಕ್ಕಿಲ್ಲ" ಎಂದೆ.

"ಮತ್ತೆ ಓಡಿಸುವವರು ಯಾರು? ನೀನು ಓಡಿಸ್ತೀಯಾ?" ಎಂದರು ಇವರು.

"ಹೌದು, ಓಡಿಸ್ತೇನೆ. ಎಂತ ಈಗ?"

ಅಷ್ಟೇ. ಅಲ್ಲಿಗೆ ಮುಗಿಯಬೇಕಿತ್ತು. ಇವರು ಕಿಟಕಿಯ ಕಡೆ ತಿರುಗಬೇಕು, ನಾನು ಪಾತ್ರೆ ಕುಕ್ಕಬೇಕು. ಆದರೆ ಅಡುಗೆಮನೆಯಲ್ಲಿ ಬೂತಾಯಿ ಕೊಯ್ಯುತ್ತಿದ್ದ ಅತ್ತೆ, ಕೈಯಲ್ಲಿ ಮೀನಿನ ನೆತ್ತರು ಸಮೇತ ಹೊರಗೆ ಬಂದರು. "ಹಾಗಾದರೆ ಸರಿಯಾಯ್ತಲ್ಲ. ಮಾರುವುದು ಬೇಡ. ವಿನೋದಾ ಓಡಿಸ್ತಾಳಂತೆ" ಎಂದು ತೀರ್ಪು ಕೊಟ್ಟು ಒಳಗೆ ಹೋದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಮರುದಿನ ಸಂಜೆಯೊಳಗೆ ಕಟ್ಟಡದ ವಾಚ್‌ಮನ್, ಭಜನಾ ಮಂಡಳಿ, ಮೀನಿನವಳು, ಟಿಟ್ವಾಳಾದ ಮಗಳು, ಎಲ್ಲರಿಗೂ ಸುದ್ದಿ ಮುಟ್ಟಿತ್ತು. ಕಾಲೇಜಿಗೆ ಹೋಗುವ ನನ್ನ ಮಗಳು ಶ್ರುತಿ, ಇಲ್ಲೇ ಹುಟ್ಟಿದವಳು, ನಾವು ತುಳುವಿನಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವವಳು, "ಆಯೀ, ಖರಂಚ್?" ಎಂದು ಕಣ್ಣರಳಿಸಿದಳು. ನಿಜವಾಗಿಯೂ ಹೌದಾ ಎಂದು. ಅಲ್ಲ ಎನ್ನಲು ಬಾಯಿ ತೆರೆದೆ. ಅವಳ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ, ತೆರೆದ ಬಾಯಿಂದ "ಹೂಂ" ಎಂದು ಬಂತು.

ಚಿಕ್ಕ ಗಾಡಿಯ ಲೈಸೆನ್ಸ್ ನನ್ನ ಹತ್ತಿರ ಇತ್ತು. ಹಿಂದೊಮ್ಮೆ ನಾವು ಕಾರು ಕೊಳ್ಳುವ ಆಸೆಯಲ್ಲಿ ಮೊದಲು ಲೈಸೆನ್ಸ್ ಮಾಡಿಸಿಕೊಂಡಿದ್ದೆವು. ಕಾರು ಬರಲಿಲ್ಲ. ಆದ್ದರಿಂದ ದೊಡ್ಡ ಗಾಡಿಯ ತರಬೇತಿಗೆ ನಾನು ಅರ್ಹಳು ಎಂದು ತಳೋಜಾ ಕಡೆಯ ಡ್ರೈವಿಂಗ್ ಸ್ಕೂಲಿನವರು ಹೇಳಿದರು. ಮೊದಲ ದಿನ ನಾನು ಚೂಡಿದಾರ್ ಹಾಕಿ ಹೊರಟಾಗ ಅತ್ತೆಯೂ ಸೀರೆ ಉಟ್ಟು, ಕೊಡೆ, ನೀರಿನ ಬಾಟಲಿ, ಎಲೆಅಡಿಕೆಯ ಸಂಚಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಅಷ್ಟು ಗಂಡಸರ ನಡುವೆ ನೀನೊಬ್ಬಳೇ ಹೋಗುವುದಾ? ನಾನೂ ಬರ್ತೇನೆ." ಮದುವೆಯಾದಂದಿನಿಂದ ಒಂದು ದಿನ, ಒಂದೇ ದಿನ, ಅತ್ತೆಯ ಕಣ್ಣು ತಪ್ಪಿಸಿ ಏನಾದರೂ ಮಾಡಬೇಕೆಂಬ ಆಸೆ ನನಗಿತ್ತು. ಅದೂ ಹೋಯಿತು.

ಅಲ್ಲಿ ಕಲಿಸುವವರು ಘಾಡ್ಗೆ ಮಾಸ್ತರ್. ಕುಳ್ಳಗಿನ ಮನುಷ್ಯ, ಗಂಟಲು ಮಾತ್ರ ಏರ್ ಹಾರ್ನ್. ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಇಬ್ಬರಲ್ಲಿ ಕಲಿಯುವವರು ಯಾರು ಎಂದು ಹಿಂದಿಯಲ್ಲಿ, ಬೆರಳು ತೋರಿಸಿ ಕೇಳಿದರು. ಅತ್ತೆ ಒಂದು ಕ್ಷಣ ಯೋಚಿಸಿ ಆಮೇಲೆ ನನ್ನನ್ನು ತೋರಿಸಿದರು. ಆ ಒಂದು ಕ್ಷಣ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಲಾರಿ ಹತ್ತುವುದೇ ಒಂದು ವಿದ್ಯೆ. ಮೊದಲು ಯಾವ ಕಾಲಿಡಬೇಕು ಎಂಬುದನ್ನು ತಪ್ಪಿದರೆ, ಮೇಲೆ ಹೋದಾಗ ಮುಖ ಸೀಟಿನ ಕಡೆಗೂ ಬೆನ್ನು ಸ್ಟಿಯರಿಂಗಿನ ಕಡೆಗೂ ಆಗಿರುತ್ತದೆ. ನನಗೆ ಎರಡು ದಿನ ಹಾಗೇ ಆಯಿತು. ಮೇಲೆ ಕೂತರೆ ಇನ್ನೊಂದು ತೊಂದರೆ. ರಸ್ತೆ ಬದಿಯ ಮನೆಗಳ ಕಾಂಪೌಂಡಿನ ಒಳಗೆಲ್ಲ ಕಾಣುತ್ತದೆ. ಯಾರ ಮನೆಯಲ್ಲಿ ಹಪ್ಪಳ ಒಣಹಾಕಿದ್ದಾರೆ, ಯಾರು ಬಟ್ಟೆಯನ್ನು ಹಿಂಡದೆ ಹಾಗೇ ಹಾಕಿದ್ದಾರೆ ಎಂದು ಅತ್ತೆ ಎಡಗಡೆಯಿಂದ ವರದಿ ಒಪ್ಪಿಸುತ್ತಿದ್ದರು. ನಾನೂ ತಿರುಗಿ ನೋಡುತ್ತಿದ್ದೆ. ನಡುವೆ ಕೂತ ಮಾಸ್ತರ್ "ಸಾಮ್ನೇ, ವಹಿನಿ, ಸಾಮ್ನೇ!", ಮುಂದೆ ನೋಡಿ ಅತ್ತಿಗೆ, ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು.

ಗೇರ್ ಎಂಬುದು ನನ್ನ ಪಾಲಿಗೆ ದೇವರ ಹಾಗೆ, ಎಲ್ಲೋ ಇದೆ ಎಂದು ಗೊತ್ತು, ಹುಡುಕಿದರೆ ಸಿಗುವುದಿಲ್ಲ. ನಮ್ಮ ಜೊತೆ ಕಲಿಯುತ್ತಿದ್ದ ಕಲಬುರಗಿ ಕಡೆಯ ಸಿದ್ದಪ್ಪ ಎಂಬವನು ನನ್ನ ಒದ್ದಾಟ ನೋಡಲಾರದೆ, "ಅಕ್ಕಾರ, ಗೇರಂದ್ರ ಎಮ್ಮಿ ಇದ್ಹಂಗ್ರಿ. ಬಡದ್ರ ಹೋಗಂಗಿಲ್ಲ, ಮೈ ಸವರಬೇಕು" ಎಂದ. ಎಷ್ಟು ಚಂದದ ಮಾತು! ಅವನ ಸರದಿ ಬಂದಾಗ ಎಮ್ಮೆಯ ಮೈ ಸವರುತ್ತಾ ಸವರುತ್ತಾ ರಿವರ್ಸಿನಲ್ಲಿ ಹಾಕಿ ಮೈದಾನದ ಬೇಲಿ ಮುರಿದ. ಆಮೇಲೆ ನಾವಿಬ್ಬರೂ ಒಳ್ಳೆಯ ಸ್ನೇಹಿತರಾದೆವು.

ಬೇಲಿ ಅವನದ್ದು, ಕುರ್ಚಿ ನನ್ನದು. ನಾನು ರಿವರ್ಸ್ ಕಲಿಯುವ ದಿನ ಮಾಸ್ತರ್ ತಮ್ಮ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಂದು ಲಾರಿಯ ಹಿಂದೆ ನಿಂತು "ಆನೇ ದೋ, ಆನೇ ದೋ" ಎನ್ನುತ್ತಿದ್ದರು. ನಾನು ಬರುತ್ತಿದ್ದೆ. ಇದ್ದಕ್ಕಿದ್ದಂತೆ "ಬಸ್! ಬಸ್! ಬಸ್!" ಎಂದು ಕಿರುಚಿದರು. ಸಾಕು ಎಂದು ಅದರ ಅರ್ಥ, ಅದು ನನಗೆ ಗೊತ್ತು. ಆದರೆ ಅತ್ತೆ ಅದೇ ಹೊತ್ತಿಗೆ ಕಿಟಕಿಯಿಂದ ಅರ್ಧ ಹೊರಗೆ ಬಗ್ಗಿ, "ಎಲ್ಲಿ ಮಾರಾಯ್ತಿ ಬಸ್ಸು? ಬಸ್ಸು ಕಾಣುವುದಿಲ್ಲ, ನೀನು ಬಿಡು" ಎಂದರು. ಹಿರಿಯರ ಮಾತು ಮೀರಬಾರದೆಂದು ಕಾಲು ತಾನಾಗಿ ಬ್ರೇಕ್ ಬಿಟ್ಟಿತು. ಮಾಸ್ತರ್ ಹಾರಿಕೊಂಡರು. ಕುರ್ಚಿ ಹಾರಲಿಲ್ಲ. ಅದರ ಮೇಲಿಟ್ಟಿದ್ದ ಅವರ ಟಿಫಿನ್ ಡಬ್ಬಿ ಚಪಾತಿಯಷ್ಟೇ ತೆಳ್ಳಗಾಯಿತು. ಮರುದಿನದಿಂದ ಅತ್ತೆ ಮಾಸ್ತರರಿಗೂ ಬುತ್ತಿ ಕಟ್ಟತೊಡಗಿದರು. ನೀರುದೋಸೆ, ಕೋಳಿ ಸುಕ್ಕ. ವಾರ ಕಳೆಯುವುದರೊಳಗೆ ಮಾಸ್ತರರ ಗಂಟಲು ನನ್ನ ಮಟ್ಟಿಗೆ ಅರ್ಧ ಇಳಿಯಿತು.

ಮನೆಯಲ್ಲಿ ಇವರು ಮೊದಲ ಕೆಲವು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಒಂದು ಸಂಜೆ ಅತ್ತೆಯ ಹತ್ತಿರ, ಇವಳಿಗೆ ಎರಡನೇ ಗೇರಿನಿಂದ ಮೂರಕ್ಕೆ ಹೋಗಲು ಬರುವುದಿಲ್ಲವಂತೆ ಹೌದಾ ಎಂದು ಗೋಡೆಗೆ ಹೇಳಿದ ಹಾಗೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಲಟ್ಟಣಿಗೆ ತಾ" ಎಂದರು. ಮಂಚದ ಅಂಚಿನಲ್ಲಿ ನನ್ನನ್ನು ಕೂರಿಸಿ, ಲಟ್ಟಣಿಗೆಯನ್ನು ದಿಂಬಿನ ಸಂದಿಗೆ ಸಿಕ್ಕಿಸಿ, ಮಲಗಿದಲ್ಲಿಂದಲೇ ನನ್ನ ಕೈ ಮೇಲೆ ಕೈಯಿಟ್ಟು ಗೇರ್ ಹಾಕಿಸಿದರು. "ಕ್ಲಚ್ ಒತ್ತಿದೆಯಾ?" "ಒತ್ತಿದೆ." "ಅದು ನನ್ನ ಕಾಲು ಮಾರಾಯ್ತಿ." ಬಹಳ ದಿನಗಳ ಮೇಲೆ ಅವರು ನಕ್ಕರು. ನಗುವಾಗ ಬೆನ್ನು ಹಿಡಿದುಕೊಂಡು "ಅಯ್ಯೋ" ಎಂದರು, ಮತ್ತೆ ನಕ್ಕರು.

ರಸ್ತೆಯ ಅಭ್ಯಾಸದಲ್ಲಿ ನನ್ನ ಮಾನ ಹೋದದ್ದು ಶೀಳ್‌ಫಾಟಾದ ಏರಿನಲ್ಲಿ. ಆ ನಾಕಾದಲ್ಲಿ, ಅಂದರೆ ಕೂಡುರಸ್ತೆಯಲ್ಲಿ, ಗಾಡಿಗಳು ಓಡುವುದಿಲ್ಲ, ಸೇರುತ್ತವೆ. ನನ್ನ ಲಾರಿ ಏರಿನ ನಡುವೆ ನಿಂತಿತು, ಆಫ್ ಆಯಿತು. ಸ್ಟಾರ್ಟ್ ಮಾಡಿ ಬ್ರೇಕ್ ಬಿಟ್ಟರೆ ಹಿಂದೆ ಜಾರುತ್ತದೆ. ಬ್ರೇಕ್ ಹಿಡಿದರೆ ಮತ್ತೆ ಆಫ್. ಹಿಂದಿನಿಂದ ಹಾರ್ನುಗಳ ಮೇಳ. ಕಣ್ಣಲ್ಲಿ ನೀರು ಬಂತು. "ನೀವೇ ತೆಗೀರಿ ಮಾಸ್ತರ್, ನನ್ನಿಂದ ಆಗುವುದಿಲ್ಲ" ಎಂದು ಸೀಟಿನಿಂದ ಏಳಲು ಹೊರಟೆ. ಅಷ್ಟರಲ್ಲಿ ಎಡಗಡೆಯ ಬಾಗಿಲು ತೆರೆದ ಸದ್ದಾಯಿತು. ನೋಡಿದರೆ ಅತ್ತೆ ಇಲ್ಲ! ಕನ್ನಡಿಯಲ್ಲಿ ಕಂಡರು. ಕೊಡೆ ಬಿಡಿಸಿಕೊಂಡು ಹಿಂದಿನ ಟ್ರೇಲರ್ ಲಾರಿಯ ಕಡೆ ನಡೆಯುತ್ತಿದ್ದರು. ಅದರ ಬಂಪರಿನ ಮುಂದೆ ನಿಂತು ಡ್ರೈವರನ ಹತ್ತಿರ ಏನೋ ಹೇಳಿದರು, ಅವನೂ ಏನೋ ಹೇಳಿದ. ಅತ್ತೆಗೆ ಹಿಂದಿಯಲ್ಲಿ ಬರುವುದು ತರಕಾರಿಯ ಹೆಸರುಗಳು ಮಾತ್ರ. ಆದರೂ ಹಾರ್ನು ನಿಂತಿತು. ವಾಪಸು ಬಂದು, ಮಾಸ್ತರರ ಕೈ ಹಿಡಿದು ಹತ್ತಿ ಕೂತು, ಸೆರಗು ಸರಿಪಡಿಸಿಕೊಂಡು, "ಕಾಯ್ತಾನಂತೆ. ಅವಸರ ಇಲ್ಲ" ಎಂದರು.

"ಏನು ಹೇಳಿದಿರಿ ಅವನಿಗೆ?"

"ಬಹೂ ಅಂದೆ, ಟೀವಿಯಲ್ಲಿ ಸೊಸೆಗೆ ಹಾಗೇ ಹೇಳುವುದಲ್ಲ. ಕೈಯಲ್ಲಿ ಸ್ಟಿಯರಿಂಗ್ ತೋರಿಸಿದೆ. ಅವನು ಕೈ ಮುಗಿದ."

ನನಗೆ ಅಳು ನಗು ಎರಡೂ ಬಂತು. ಹಾರ್ನಿಲ್ಲದ ಆ ಎರಡು ನಿಮಿಷದಲ್ಲಿ ಕ್ಲಚ್ ನಿಧಾನ ಬಿಟ್ಟೆ. ಲಾರಿ ಒಮ್ಮೆ ನಡುಗಿತು, ಆಮೇಲೆ ಹಿಂದೆ ಜಾರದೆ ಮೇಲೆ ಹತ್ತಿತು. ಹಿಂದಿನ ಟ್ರೇಲರಿನವನು ಒಂದೇ ಒಂದು ಸಣ್ಣ ಹಾರ್ನ್ ಕೊಟ್ಟ. ಅದು ಬೈಗುಳವಲ್ಲ ಎಂದು ನನಗೂ ಗೊತ್ತಾಯಿತು.

ಟೆಸ್ಟಿನ ದಿನ ಆರ್‌ಟಿಒ ಸಾಹೇಬರು ಎರಡು ಸಲ ರಿವರ್ಸ್ ಹಾಕಿಸಿದರು. ಮೊದಲ ಸಲ ನಂಬಿಕೆ ಬರಲಿಲ್ಲವಂತೆ. ಅತ್ತೆಯನ್ನು ಲಾರಿಯೊಳಗೆ ಬಿಡಲಿಲ್ಲ. ಅವರು ಬೇಲಿಯ ಆಚೆ ನಿಂತು ಅಲ್ಲಿಂದಲೇ ಎಡಕ್ಕೆ ಬಲಕ್ಕೆ ಕೊಡೆ ಆಡಿಸುತ್ತಿದ್ದರು. ನಾನು ಪಾಸಾದೆ. ಸಿದ್ದಪ್ಪನೂ ಪಾಸಾದ. ಈ ಸಲ ಅಲ್ಲಿ ಬೇಲಿ ಕಲ್ಲಿನದಿತ್ತು, ಅದಕ್ಕೇ ಹುಷಾರಾಗಿದ್ದೆ ಎಂದ. ಸಂಜೆ ಇವರು ಟಿಟ್ವಾಳಾಕ್ಕೆ ಫೋನ್ ಮಾಡಿ, "ನಾನು ಬರುವುದಿಲ್ಲ ಭಾವ. ಗಾಡಿ ಮಾರುವುದೂ ಇಲ್ಲ. ಒಳ್ಳೆಯ ಡ್ರೈವರ್ ಸಿಕ್ಕಿದ್ದಾರೆ" ಎಂದರು. ಸಿಕ್ಕಿದ್ದಾಳೆ ಅಲ್ಲ, ಸಿಕ್ಕಿದ್ದಾರೆ! ಮದುವೆಯಾದ ಮೇಲೆ ಇವರ ಬಾಯಲ್ಲಿ ನನಗೆ ಬಹುವಚನ ಸಿಕ್ಕಿದ್ದು ಅದೇ ಮೊದಲು. ಅದು ಫೋನ್ ಇಡುವ ತನಕ ಇತ್ತು. ಇಟ್ಟ ಮೇಲೆ, "ಒಂದು ಚಾ ಮಾಡು ಮಾರಾಯ್ತಿ" ಎಂದರು. ಆ ಕಡೆ ಅತ್ತೆ ಬಾಲ್ಕನಿಯಿಂದ ಕೆಳಗಿನ ಹೆಂಗಸರಿಗೆ "ನಾವು ಪಾಸಾದೆವು" ಎಂದು ಸಾರುತ್ತಿದ್ದರು.

ನಮ್ಮದೇ ಲಾರಿಯ ಮೊದಲ ಟ್ರಿಪ್ಪಿನ ಬೆಳಿಗ್ಗೆ ಅತ್ತೆಯ ಮೊಣಕಾಲು ಊದಿಕೊಂಡಿತು. ಹತ್ತಲು ಸಾಧ್ಯವೇ ಇರಲಿಲ್ಲ. ನಾನು ಮುಖದಲ್ಲಿ ಚಿಂತೆ ತೋರಿಸಿದೆ. ಒಳಗೆ ಮಾತ್ರ ಹಬ್ಬ. ಕೊನೆಗೂ ಒಂದು ದಿನ ನಾನು, ನನ್ನ ಲಾರಿ, ನನ್ನ ರಸ್ತೆ! ಕಂಪನಿಯಿಂದ ಒಬ್ಬ ಹಮಾಲಿ ಎಡಗಡೆ ಕೂತ. ನಾಕಾ ದಾಟುವ ಮೊದಲೇ ಗೊರಕೆ ಹೊಡೆದ. ಎಡಕ್ಕೆ ತಿರುಗುವಲ್ಲಿ ನಾನು "ಎಡಗಡೆ ನೋಡಿ ಅತ್ತೆ" ಎಂದೆ. ಗೊರಕೆ ಉತ್ತರ ಕೊಟ್ಟಿತು. ತಳೋಜಾದಲ್ಲಿ ಯಾರ ಮನೆಯ ಹಪ್ಪಳವೂ ಯಾರ ಸೀರೆಯೂ ನನಗೆ ತಿಳಿಯಲಿಲ್ಲ. ರಸ್ತೆ ಇಷ್ಟು ಉದ್ದವಿದೆ ಎಂದು ಗೊತ್ತೇ ಇರಲಿಲ್ಲ.

ಕಳಂಬೋಲಿಯಲ್ಲಿ ಮಾಲು ಇಳಿಸಿದ ಮೇಲೆ ಮನೆಗೆ ಫೋನ್ ಮಾಡಿದೆ. "ಮೊಣಕಾಲು ಹೇಗುಂಟು ಅತ್ತೆ?"

"ನಿನಗೆ ಇವತ್ತು ನನ್ನ ಮೊಣಕಾಲಿನ ಚಿಂತೆ ಎಂತಕ್ಕೆ?"

ಕೊನೆಗೆ ಕೇಳಿಯೇಬಿಟ್ಟೆ. "ನಾಳೆಯ ಟ್ರಿಪ್ಪಿಗೆ ಬರ್ಲಿಕ್ಕೆ ಆಗ್ತದಾ?"

"ನೋಡುವ. ನೀನು ಬ್ರೇಕ್ ಹಾಕುವ ರೀತಿ ಸ್ವಲ್ಪ ತಿದ್ದಿಕೊಂಡರೆ ಬರಬಹುದು." ಆಮೇಲೆ ಫೋನನ್ನು ದೂರ ಹಿಡಿದು ಮಗನಿಗೆ, ನನಗೆ ಕೇಳುವಷ್ಟೇ ಜೋರಾಗಿ ಹೇಳಿದರು: "ಅವಳಿಗೆ ಲೈಸೆನ್ಸ್ ಸಿಕ್ಕಿದ್ದು ಹೌದು. ಕಲಿತದ್ದು ನಾನು."

ಸಿಟ್ಟು ನೆತ್ತಿಗೇರಿತು. ನಾಲ್ಕು ಮಾತು ಅಂದೇಬಿಡೋಣ ಎಂದು ಬಾಯಿ ತೆರೆದೆ. ಆದರೆ ಗೋದಾಮಿನ ಇಕ್ಕಟ್ಟಿನಿಂದ ಲಾರಿಯನ್ನು ರಿವರ್ಸ್ ತೆಗೆಯುವುದು ಬಾಕಿಯಿತ್ತು, ಹಮಾಲಿ ಮತ್ತೆ ಮಲಗಿದ್ದ, ಹಿಂದೆ ನೋಡುವವರು ಯಾರೂ ಇರಲಿಲ್ಲ.

"ಆಯ್ತು ಅತ್ತೆ, ಬ್ರೇಕ್ ಮೆಲ್ಲ ಹಾಕ್ತೇನೆ. ಬೆಳಿಗ್ಗೆ ಬೇಗ ತಯಾರಾಗಿರಿ" ಎಂದೆ.