ಕಯ್ಯಾ ಎಂಬ ಶಬ್ದದ ವಿಚಾರಣೆ

ಮೈಸೂರು ರಾಜ್ಯ ಹೋಗಿ ಕರ್ನಾಟಕ ಆದ ವರ್ಷ. ಸರಕಾರ ಬೋರ್ಡು ಬದಲಿಸಿ ಸುಮ್ಮನಾಯಿತು; ವಾಡಿ ಸ್ಟೇಷನ್ನಿನ ಪಾರ್ಸೆಲ್ ಗುಮಾಸ್ತ ಸೂಗಪ್ಪನವರು ಸುಮ್ಮನಾಗಲಿಲ್ಲ. ಜಗತ್ತಿನ ಒಂದೊಂದು ಸಾಮಾನಿಗೂ ಹೆಸರು ಎಲ್ಲಿಂದ ಬಂತು, ಯಾವ ಊರಲ್ಲಿ ಹೇಗೆ ಅನ್ನುತ್ತಾರೆ ಎಂದು ಶೋಧಿಸುವ ಘನಕಾರ್ಯಕ್ಕೆ ಟೊಂಕ ಕಟ್ಟಿದರು. (ಸಾಮಾನು ಕೆಟ್ಟರೆ ರಿಪೇರಿ ಮಾಡಿಸುವುದು ಕ್ಷುದ್ರ ಕೆಲಸ; ಅದು ಹೆಂಡತಿ ಪೀರಮ್ಮನದು.)

ಪೀರಮ್ಮನ ಸಂಕಟವೇ ಬೇರೆ. ಮರುದಿನ ಬಸುರಿ ಮಗಳ ಕುಬಸ, ಅಂದರೆ ಸೀಮಂತ. ಆಡಕಿಯ ಬೀಗರು ಅರ್ಧ ಊರನ್ನೇ ಕರೆದುಕೊಂಡು ಬರುವವರು. ನಳದ ನೀರು ಇವತ್ತು ಬಂದರೆ ಬಂತು, ಮತ್ತೆ ನಾಡಿದ್ದೇ. ತುಂಬಿಡೋಣವೆಂದರೆ ಕೊಡಗಳು ಸಾಲವು, ಮನೆಗಿದ್ದ ಒಂದೇ ತಾಮ್ರದ ಹಂಡೆಗೆ ಬುಡದ ಹತ್ತಿರ ತೂತು. ಕಲಾಯಿ ಕೆಲಸದ ಬಂದೇಅಲಿಯನ್ನು ಕರೆಸಿ ಅಂಗಳದಲ್ಲಿ ಕೂರಿಸಿದ್ದಳು.

ಬಂದೇಅಲಿ ಇದ್ದಲಿ ಊದಿದ, ತಾಮ್ರದ ಮೂತಿಯ ಸಲಾಕೆ ಕಾಯಿಸಿದ, ನವಸಾಗರದ ಬಿಲ್ಲೆಗೆ ಉಜ್ಜಿದ. ಚುಂಯ್ ಎಂದು ಬಿಳಿ ಹೊಗೆ ಎದ್ದಿತು. ಹೊಗೆಯ ಹಿಂದಿನಿಂದ ಸೂಗಪ್ಪನವರೂ ಎದ್ದರು.

"ನಿನ್ನ ಕೈಯಾಗಿಂದು ಏನದು?"

"ಕಯ್ಯಾ ಅಲ್ಲೇನ್ರಿ ಸಾಹೇಬ್ರ? ಬೆಸಗಿ ಹಾಕೋದು."

"ನೋಡು! ಕೈಯಾಗ ಹಿಡೀತಿ, ಅದಕ್ಕ ಕೈಯಾ. ಅಚ್ಚ ಕನ್ನಡ!"

"ಹಂಗ ಹ್ಯಾಂಗ್ರಿ? ನಮ್ಮ ದಾದಾ ಕಹಿಯಾ ಅಂತಿದ್ದ. ಚಿತ್ತಾಪುರದ ಮಂದಿ ಹಲ್ಲು ಬಿದ್ದೋರಂಗ ಕಯ್ಯಾ ಅಂದು ಅಂದು ಕೆಡಿಸ್ಯಾರ."

ಒಳಗಿಂದ ಪೀರಮ್ಮ ಕೂಗಿದಳು: "ಲಟ್ಟಣಿಗಿನೂ ಕೈಯಾಗೇ ಹಿಡೀತೀನ್ರಿ. ಅದಕ್ಕೂ ಕೈಯಾ ಅನ್ಲೇನು? ತಂದು ತೋರಿಸ್ಲೇನು?"

ಇಂಥ ಅಶಾಸ್ತ್ರೀಯ ಆಕ್ಷೇಪಗಳಿಗೆ ಸೂಗಪ್ಪನವರು ಉತ್ತರ ಕೊಡುವವರಲ್ಲ. ಅಷ್ಟರಲ್ಲಿ ಕಯ್ಯಾ ಆರಿತ್ತು. ಬಂದೇಅಲಿ ಮತ್ತೆ ಕಾಯಿಸಿದ. ಸೂಗಪ್ಪನವರು ನವಸಾಗರಕ್ಕೆ ಇಳಿದರು.

"ಒಂಬತ್ತು ಸಾಗರ ದಾಟಿ ಬಂದ ಉಪ್ಪದು."

"ನೌಸಾದರ್ ಅನ್ರಿ! ವಾಡಿಯಾಗ ಕುಂತು ಸಾಗರ ಎಲ್ಲಿಂದ ತಂದ್ರಿ?"

ಮತ್ತೆ ಆರಿತು. ಶಹಾಬಾದದ ಫಿಟ್ಟರುಗಳು 'ಸೋಲ್ಡ್ರು' ಅನ್ನುವುದೇಕೆ, ರೈಲ್ವೆಯವರು 'ಸಾಲ್ಡರ್' ಅನ್ನುವುದೇಕೆ, ಚಿಂಚೋಳಿಯವರು ಅದನ್ನೇ ತೆಲುಗು ರಾಗದಲ್ಲಿ ಎಳೆಯುವುದೇಕೆ ಎಂಬಲ್ಲಿಗೆ ಇದ್ದಲಿಯೂ ಮುಗಿಯಿತು. ಬಂದೇಅಲಿಯೂ ಕಡಿಮೆಯವನಲ್ಲ, ಕಯ್ಯಾ ತಣ್ಣಗಾದಷ್ಟೂ ಅವನು ಬಿಸಿಯಾಗುತ್ತಿದ್ದ. ಕೊನೆಗೆ ಆಜಾನ್ ಕೇಳಿಸಿತು.

"ಅಕ್ಕೋರ, ನಮಾಜ್ ಮುಗಿಸಿ ಇದ್ದಲಿ ತಗೊಂಡು ಬರ್ತೀನ್ರಿ," ಎಂದು ಹೊರಟೇಬಿಟ್ಟ.

ಅವನು ಓಣಿ ತಿರುಗುವುದಕ್ಕೂ ನಳ ಗೊರ್ರೆನ್ನುವುದಕ್ಕೂ ಸರಿಹೋಯಿತು. ಪೀರಮ್ಮ ಹಂಡೆ ಒಡ್ಡಿದಳು. ಮೇಲಿನಿಂದ ಬಂದದ್ದು ಕೆಳಗಿನಿಂದ ಹೊರಟಿತು.

"ಬರ್ರಿ ಇಲ್ಲಿ! ಹೆಬ್ಬಟ್ಟು ಒತ್ತಿ ಹಿಡೀರಿ."

"ನಾನಾ?"

"ಮತ್ತ ಯಾರು? ಮಾತಾಡಿ ಮಾತಾಡಿ ಕಲಾಯಿ ಅಣ್ಣನ ಇದ್ದಲಿ ಸುಟ್ಟೋರು ನಾನೇನು?"

ಸೂಗಪ್ಪನವರು ಕುಕ್ಕರುಗಾಲಲ್ಲಿ ಕುಳಿತು ತೂತಿಗೆ ಹೆಬ್ಬೆಟ್ಟು ಕೊಟ್ಟರು. ಹಂಡೆ ತುಂಬಿತು, ನಳ ನಿಂತಿತು, ಸೂಗಪ್ಪನವರು ಹಾಗೇ ಉಳಿದರು. ಕುಬಸದ ಅಡಿಗೆಯೆಲ್ಲ ಆ ಹೆಬ್ಬೆಟ್ಟಿನ ಮೇಲೆ ನಿಂತಿತ್ತು.

ಇಂಥ ಸುಮುಹೂರ್ತದಲ್ಲಿ ಬೀಗ ದೇವೀಂದ್ರಪ್ಪನವರು, ಗಂಜಿ ಹಾಕಿದ ಧೋತರದಲ್ಲಿ, ಒಂದು ದಿನ ಮೊದಲೇ ಬಂದಿಳಿದರು.

"ಏನ್ರಿ ಬೀಗರ, ಹಂಡೆ ಅಪ್ಗೊಂಡು ಕುಂತೀರಿ?"

ಪೀರಮ್ಮ ಸೆರಗು ಸರಿಮಾಡಿಕೊಂಡಳು. "ಕಲಾಯಿ ಅಣ್ಣ ಬರೋತನಕ ನಮ್ಮ ಮನಿಯವರು ತೂತಿನ ಬೂಚು ಆಗ್ಯಾರ್ರಿ."

ಅವಮಾನವನ್ನಾದರೂ ಸೂಗಪ್ಪನವರು ನುಂಗುತ್ತಿದ್ದರು. ಶಬ್ದವನ್ನು ನುಂಗಲಾಗಲಿಲ್ಲ.

"ಬೂಚು ಮರಾಠಿ ಮಾತು! ಬೀಗರ, ನಮ್ಮ ಕನ್ನಡದಾಗ ಇದಕ್ಕ..." ಎಂದು ತೂತಿಗೆ ಒತ್ತಿದ್ದ ಕೈಯನ್ನೇ ಎತ್ತಿದರು.

ಹಂಡೆ ಗುರಿ ತಪ್ಪಲಿಲ್ಲ. ದೇವೀಂದ್ರಪ್ಪನವರ ಧೋತರದ ಗಂಜಿ ಅಂಚಿನಿಂದ ಇಳಿದು ಅಂಗಳದ ಹಾಸುಗಲ್ಲಿನ ಮೇಲೆ ಹರಿಯಿತು. ಸೂಗಪ್ಪನವರು ಗಾಬರಿಯಲ್ಲಿ ತೂತು ಹುಡುಕುವಷ್ಟರಲ್ಲಿ ಕುಬಸದ ನೀರು ಓಣಿ ದಾಟಿತ್ತು.

ಪೀರಮ್ಮ ಒಳಗೆ ಹೋದಳು. ಎರಡು ಕೊಡ ತಂದು ಗಂಡನ ಎರಡೂ ಕೈಗೆ ಸಿಗಿಸಿದಳು.

"ರೈಲಿನ ಹಳಿ ದಾಟಿದ್ರ ಬಾವಿ ಅದ. ಅದಕ್ಕ ಯಾವ ಊರಾಗ ಏನಂತಾರಂತ ಯೋಚನಿ ಮಾಡ್ಕೋತ ಹೋಗಿ ಬರ್ರಿ. ಭಾಳ ಸರ್ತಿ ಹೋಗೋದದ, ಎಲ್ಲಾ ಊರೂ ಮುಗೀತಾವ."