ಓರ್ಬಿಯಾಕಿನಲ್ಲಿ ಊಟ ನೋಡುವ ವೇಳೆ

ಓರ್ಬಿಯಾಕ್ ನಗರದಲ್ಲಿ ನೋಡತಕ್ಕ ಸ್ಥಳಗಳು ನಾಲ್ಕು, ಉಣ್ಣತಕ್ಕ ಸ್ಥಳ ಒಂದು. 1974ರಲ್ಲಿ ನಗರಸಭೆ ಈ ಬಗ್ಗೆ ಠರಾವು ಅಂಗೀಕರಿಸಿದ್ದು, ಇಂದಿನವರೆಗೂ ಅದಕ್ಕೆ ತಿದ್ದುಪಡಿಯ ಅಗತ್ಯ ಕಂಡುಬಂದಿಲ್ಲ.

ನೋಡತಕ್ಕವು ಯಾವುವೆಂದರೆ, ದುರಸ್ತಿಗೆಂದು ಮೂವತ್ತೆಂಟು ವರ್ಷಗಳಿಂದ ಮುಚ್ಚಿರುವ ದೊಡ್ಡ ಇಗರ್ಜಿ, ಯುದ್ಧಕ್ಕೆ ಹೊರಟ ಸೇನಾಪತಿಯೊಬ್ಬ ದಾರಿ ತಪ್ಪಿ ಬಂದು ಒಂದು ಮಧ್ಯಾಹ್ನ ನಿದ್ದೆ ಮಾಡಿದ ಮನೆ, ಹಳೆಯ ಸೇತುವೆ, ಮತ್ತು ಹಳೆಯ ಸೇತುವೆಯನ್ನು ನೋಡಲು ಅನುಕೂಲವಾಗಲೆಂದು ಕಟ್ಟಿದ ಹೊಸ ಸೇತುವೆ. ಉಣ್ಣತಕ್ಕದ್ದು ಹಗ್ಗದವರ ಬೀದಿಯಲ್ಲಿರುವ ಮದಾಮ್ ಒದೆತ್ ಸಬಾತ್ಯೆಯವರ ಊಟದ ಮನೆ. ವೇಳೆ ಮಧ್ಯಾಹ್ನ ಹನ್ನೆರಡರಿಂದ ಎರಡು. ಎರಡು ಗಂಟೆ ಒಂದು ನಿಮಿಷಕ್ಕೆ ಸಾಕ್ಷಾತ್ ಬಿಷಪ್ಪರೇ ಬಂದು ಬಾಗಿಲು ಬಡಿದರೂ ಸೂಪು ಸಿಗುವುದಿಲ್ಲ.

ನಾನು ಎತಿಯೆನ್ ಕಬಾನ್, ಇಲ್ಲಿನ ಪ್ರವಾಸಿ ಮಾಹಿತಿ ಕಚೇರಿಯ ಗುಮಾಸ್ತ. ನಮ್ಮ ಕಚೇರಿಯೂ ಹನ್ನೆರಡರಿಂದ ಎರಡರವರೆಗೆ ಊಟಕ್ಕೆ ಮುಚ್ಚಿರುತ್ತದೆ. ಹಸಿದ ಪ್ರವಾಸಿಗ ಹನ್ನೆರಡೂ ಐದಕ್ಕೆ ಬಂದರೆ ಎಲ್ಲಿ ಊಟ ಮಾಡಬೇಕೆಂದು ಹೇಳಲು ಯಾರೂ ಇರುವುದಿಲ್ಲ. ಎರಡಕ್ಕೆ ಬಂದರೆ ನಾವು ನಗುನಗುತ್ತಾ ಮದಾಮ್ ಸಬಾತ್ಯೆಯವರ ವಿಳಾಸ ಕೊಡುತ್ತೇವೆ, ಅಷ್ಟರಲ್ಲಿ ಅವರು ಬಾಗಿಲು ಹಾಕಿರುತ್ತಾರೆ. ಈ ವ್ಯವಸ್ಥೆಯ ಬಗ್ಗೆ ಒಂದೇ ಒಂದು ದೂರು ಬಂದಿಲ್ಲ, ಏಕೆಂದರೆ ದೂರು ಸ್ವೀಕರಿಸುವ ವೇಳೆ ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದೂವರೆ.

ಇಪ್ಪತ್ತೆರಡು ವರ್ಷ ನಾನು ಆ ಊಟದ ಮನೆಯಲ್ಲಿ ಕಿಟಕಿಯ ಪಕ್ಕದ ಮೂರನೇ ಮೇಜಿನಲ್ಲಿ ಉಂಡಿದ್ದೇನೆ. ಹೆಂಡತಿ ಮಕ್ಕಳಿಲ್ಲದ ಮನುಷ್ಯ ನಾನು. ಸೋಮವಾರ ಬೇಳೆ ಮತ್ತು ಹಂದಿ ಸಾಸೇಜು, ಮಂಗಳವಾರ ಕೋಳಿ, ಬುಧವಾರ ಮೊಲ, ಗುರುವಾರ ಕರುಳಿನ ಬೋಟಿ, ಶುಕ್ರವಾರ ಮೀನು. ನನ್ನ ಬದುಕಿನಲ್ಲಿ ಸುಖ ಅಂತ ಇದ್ದದ್ದು ಆ ಎರಡು ತಾಸು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ.

ಹೀಗಿರುವಾಗ ಪ್ರವಾಸೋದ್ಯಮದ ಉಸ್ತುವಾರಿ ಹೊತ್ತ ಉಪಮೇಯರ್ ಮೊಸ್ಯೆ ಬೊನಾಲ್ ಅವರಿಗೆ ‘ಓರ್ಬಿಯಾಕಿನಲ್ಲಿ ಎರಡು ದಿನ: ಎಲ್ಲಿ ಉಣ್ಣಬೇಕು, ಏನು ನೋಡಬೇಕು’ ಎಂಬ ಯೋಜನೆ ಹೊಳೆಯಿತು. ದೊಡ್ಡ ದೊಡ್ಡ ಬಸ್ಸುಗಳಲ್ಲಿ ಜನ ಬರುವರು. ಬಸ್ಸು ನಿಲ್ಲಿಸಲು ಜಾಗ ಬೇಕು. ನಕ್ಷೆ ಬಿಡಿಸಿ ನೋಡಲಾಗಿ, ಅದಕ್ಕೆ ತಕ್ಕ ಜಾಗ ಇಡೀ ಊರಿಗೆ ಒಂದೇ ಕಂಡಿತು. ಅದು ಮದಾಮ್ ಸಬಾತ್ಯೆಯವರ ಊಟದ ಮನೆ.

"ಅದನ್ನ ಕೆಡವಿಬಿಟ್ರೆ ಜನ ಎಲ್ಲಿ ಊಟ ಮಾಡ್ತಾರೆ, ಮೊಸ್ಯೆ ಬೊನಾಲ್?" ಎಂದು ಕೇಳಿದೆ.

"ಬಸ್ಸೇ ನಿಲ್ಲಿಸೋಕಾಗ್ದಿದ್ರೆ ಊಟಕ್ಕೆ ಬರೋರು ಯಾರು ಕಬಾನ್? ಸ್ವಲ್ಪ ತಲೆ ಓಡಿಸ್ರೀ."

"ಊಟವೇ ಇಲ್ದಿದ್ರೆ ಬಸ್ಸಾದ್ರೂ ಯಾಕೆ ಬರ್ಬೇಕು?"

"ಬಸ್‌ಸ್ಟಾಂಡ್ ನೋಡೋಕೆ ಬರ್ಲಿ ಬಿಡ್ರೀ. ಹೊಸದು, ಚೆನ್ನಾಗಿರುತ್ತೆ," ಎಂದರು.

ಮರುದಿನ ಹನ್ನೊಂದೂ ಐವತ್ತಕ್ಕೆ ಮದಾಮ್ ಸಬಾತ್ಯೆ ಏಪ್ರನ್ನು ಬಿಚ್ಚದೆಯೇ ನಮ್ಮ ಕಚೇರಿಗೆ ನುಗ್ಗಿದರು. ವಯಸ್ಸು ಎಪ್ಪತ್ತೊಂದು. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನನ್ನನ್ನು ಬಲ್ಲವರು.

"ಎತಿಯೆನ್, ಆ ಬೊನಾಲ್ ನನ್ನ ಒಲೆ ಮೇಲೆ ಬಸ್ಸು ನಿಲ್ಲಿಸ್ತಾನಂತೆ ಕಣೋ! ಇಷ್ಟು ವರ್ಷ ನನ್ನ ಕೈ ಅಡುಗೆ ತಿಂದಿದೀಯ. ಫೈಲು, ಅರ್ಜಿ, ಸೀಲು ಅಂತ ಅದೇನೇನೋ ಮಾಡ್ತಿರ್ತೀಯಲ್ಲ, ಅದ್ರಲ್ಲೇನಾದ್ರೂ ಈ ಮುದುಕಿಗೆ ದಾರಿ ಇದ್ಯಾ?"

ದಾರಿ ಇತ್ತು. ಪಾರಂಪರಿಕ ಸ್ವತ್ತುಗಳ ಸಂರಕ್ಷಣಾ ಇಲಾಖೆಯವರು ಯಾವುದನ್ನಾದರೂ ಸ್ಮಾರಕ ಎಂದು ಘೋಷಿಸಿದರೆ ಅದರ ಒಂದು ಮೊಳೆಯನ್ನು ಕೀಳಲು ಮೇಯರಿಗೂ ಅಧಿಕಾರವಿಲ್ಲ. ಅರ್ಜಿ ಮೂವತ್ತೊಂದು ಪುಟ. ನಾನೇ ಕೂತು ತುಂಬಿಸಿದೆ. ಹದಿನೇಳನೇ ಪುಟದಲ್ಲಿ ‘ಸದರಿ ಸ್ಮಾರಕವು ಬಿಸಿಯೋ ತಣ್ಣಗೋ’ ಎಂಬ ಕಲಮಿನ ಎದುರು ‘ಬಿಸಿ’ ಎಂದು ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ಮನಸ್ಸಿಟ್ಟು ಯಾವ ಅರ್ಜಿಯನ್ನೂ ತುಂಬಿರಲಿಲ್ಲ.

ಇಲಾಖೆಯ ಪರಿಶೀಲನಾಧಿಕಾರಿ ಮೊಸ್ಯೆ ತೆರೋ ಒಂದು ಗುರುವಾರ ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ ಟೇಪು ಹಿಡಿದು ಬಂದರು. ಬೋಟಿಯ ದಿನ. ಮದಾಮ್ ಸಬಾತ್ಯೆ ಗಾಬರಿಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟಿದ್ದರು. ಒಳಗೆ ಹನ್ನೊಂದು ಜನ ಉಣ್ಣುತ್ತಿದ್ದರು. ಅವರಲ್ಲೊಬ್ಬ ನಿವೃತ್ತ ಅಂಚೆಯವ ಫರ್ನಾಂದ್ ಲಗಾರಿಗ್. ಈತನಿಗೆ ಬೋಟಿ ಕಂಡರಾಗದು. ಗುರುವಾರ ಅಕ್ಕನ ಮನೆಯಲ್ಲಿ ಉಣ್ಣುತ್ತಿದ್ದ. ಆ ದಿನ ಅಕ್ಕ ಹಲ್ಲು ಕೀಳಿಸಲು ಹೋಗಿದ್ದರಿಂದ ವಿಧಿಯಿಲ್ಲದೆ ಇಲ್ಲಿಗೆ ಬಂದು, ಉದ್ದ ಮೀಸೆಯ ಕೆಳಗೆ ಮುಖ ಸಿಂಡರಿಸಿಕೊಂಡು ನುಂಗುತ್ತಿದ್ದ.

"ಉಪ್ಪು ಜಾಸ್ತಿ ಆಯ್ತು, ಮದಾಮ್," ಎಂದ ಲಗಾರಿಗ್.

"ನಾಳೆ ಸರಿ ಮಾಡ್ತೀನಿ, ತಿನ್ನಪ್ಪ ಸುಮ್ನೆ," ಎಂದರು ಮದಾಮ್.

ಮೊಸ್ಯೆ ತೆರೋ ಇದನ್ನೂ ಬರೆದುಕೊಂಡರು. ಅವರು ಏನನ್ನೂ ಬಿಡುವ ಪೈಕಿ ಅಲ್ಲ. ಒಂಬತ್ತು ಮೇಜು, ಮೂವತ್ತನಾಲ್ಕು ಕುರ್ಚಿ, ಅಲುಗಾಡುವ ಒಂದು ಕುರ್ಚಿಯ ಕಾಲಡಿ ಮಡಿಸಿಟ್ಟ ರಟ್ಟು, ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಇಂದು ಬೋಟಿ’. ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಾಯಿತು. ನಾನು ಹೊಸ್ತಿಲ ಹೊರಗೆ ನಿಂತು ಹಿಡಿದುಕೊಂಡೆ. ಅಳತೆ ಮುಗಿದ ಮೇಲೆ ಉಂಡರಾಯಿತು, ಅವಸರವೇನು ಅಂದುಕೊಂಡೆ.

"ನೀವೂ ಒಂದು ತಟ್ಟೆ ತಗೊಳ್ಳಿ ಮೊಸ್ಯೆ," ಎಂದು ಮದಾಮ್ ಉಪಚರಿಸಿದರು.

"ಛೆ ಛೆ, ಸ್ಮಾರಕವನ್ನ ತಿಂದ್ರೆ ನನ್ನ ಕೆಲ್ಸ ಹೋಗುತ್ತೆ," ಎಂದು ಅವರು ಕಾರಿನಲ್ಲಿ ಕೂತು ತಾವು ತಂದಿದ್ದ ಬ್ರೆಡ್ಡು ಚೀಸು ತಿಂದರು.

ಏಳು ತಿಂಗಳ ನಂತರ ಆದೇಶ ಬಂತು. ಊಟದ ಮನೆ ಉಳಿಯಿತು. ಮದಾಮ್ ಸಬಾತ್ಯೆ ಬೀದಿಯಲ್ಲೇ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, ಅಂದು ಸೋಮವಾರವಾದ್ದರಿಂದ ಬೇಳೆ ಬೇಯಿಸಲು ಒಳಗೆ ಹೋದರು. ನಾನು ಆದೇಶವನ್ನು ಪೂರ್ತಿ ಓದಿ ಅವರ ಹಿಂದೆಯೇ ಓಡಬೇಕಾಯಿತು. ಅದರ ಮುಖ್ಯಾಂಶಗಳನ್ನು ಸರ್ವರ ಅವಗಾಹನೆಗಾಗಿ ಇಲ್ಲಿ ನಮೂದಿಸಿದೆ:

‘ಪರಿಶೀಲನಾ ಸಮಯದಲ್ಲಿ ಇದ್ದುದೇ ಸ್ಮಾರಕದ ಮೂಲ ಸ್ವರೂಪವೆಂದು ಪರಿಗಣಿಸತಕ್ಕದ್ದು. ಕರಿಹಲಗೆಯ ಬರಹವನ್ನು ಅಳಿಸತಕ್ಕದ್ದಲ್ಲ, ಹಾಗೂ ಬರಹಕ್ಕೆ ವ್ಯತಿರಿಕ್ತವಾದ ಅಡುಗೆ ಮಾಡತಕ್ಕದ್ದಲ್ಲ. ಒಳಗಿದ್ದ ಹನ್ನೊಂದು ಮಂದಿ ಒಳಾಂಗಣದ ಅವಿಭಾಜ್ಯ ಅಂಗವಾಗಿದ್ದು, ಅವರು ಪ್ರತಿ ಕೆಲಸದ ದಿನ ತಂತಮ್ಮ ಜಾಗದಲ್ಲಿ ಇರತಕ್ಕದ್ದು. ಹನ್ನೆರಡನೆಯವರನ್ನು ಸೇರಿಸುವುದು ಮೂಲ ಸ್ವರೂಪಕ್ಕೆ ಧಕ್ಕೆ ತರುವ ಕೃತ್ಯ. ಸಾರ್ವಜನಿಕರು ಹೊಸ್ತಿಲ ಹೊರಗಿನಿಂದ ನೋಡಬಹುದು.’

ಮೂರನೇ ಮೇಜಿನ ನನ್ನ ಕುರ್ಚಿಯನ್ನು ಆದೇಶದಲ್ಲಿ ‘ಕುರ್ಚಿ ಸಂಖ್ಯೆ 9, ಖಾಲಿ’ ಎಂದು ಬರೆದಿತ್ತು. ಖಾಲಿಯಾಗಿಯೇ ಇರತಕ್ಕದ್ದು. ಓದಿ ನನ್ನ ಕಣ್ಣಲ್ಲಿ ನೀರು ಬಂತು. ನಾನೇ ತುಂಬಿದ ಅರ್ಜಿ, ನಾನೇ ಹಿಡಿದ ಟೇಪು!

ಮದಾಮ್ ಸಬಾತ್ಯೆ ಬೇಳೆಯ ಪಾತ್ರೆ ಕೆಳಗಿಟ್ಟು ಕೂತುಬಿಟ್ಟರು.

"ದಿನಾ ಬೋಟಿ ಮಾಡ್ಬೇಕಾ? ಅದೇ ಹನ್ನೊಂದು ಜನಕ್ಕಾ?"

"ಹೌದು ಮದಾಮ್."

"ಹೋಗ್ಲಿ, ಉಪ್ಪಾದ್ರೂ ಕಮ್ಮಿ ಮಾಡ್ಬಹುದಾ?"

ಈ ಬಗ್ಗೆ ಸ್ಪಷ್ಟೀಕರಣ ಕೋರಿ ಇಲಾಖೆಗೆ ಬರೆದೆ. ಐದು ವಾರದಲ್ಲಿ ಉತ್ತರ ಬಂತು: ‘ರುಚಿ ಎಂಬುದು ತಮ್ಮ ವೈಯಕ್ತಿಕ ಅಭಿಪ್ರಾಯ. ಉಪ್ಪು ಎಂಬುದು ದಾಖಲೆ.’ ಇಡೀ ದೇಶವೇ ಬಾಗಿಲು ಹಾಕುವ ಆಗಸ್ಟ್ ತಿಂಗಳ ರಜೆಯನ್ನು ಮಾತ್ರ ಇಲಾಖೆ ಮುಟ್ಟಲಿಲ್ಲ. ನಮ್ಮ ದೇಶದಲ್ಲಿ ಅಷ್ಟು ಧೈರ್ಯವಿರುವ ಇಲಾಖೆ ಇನ್ನೂ ಹುಟ್ಟಿಲ್ಲ.

ಬಸ್ಸುಗಳು ಬರತೊಡಗಿದವು. ಅವುಗಳಿಗಾಗಿ ನಕ್ಷೆಯನ್ನು ಇನ್ನೊಮ್ಮೆ ಬಿಡಿಸಿ ನೋಡಿ, ಸೇನಾಪತಿ ಮಲಗಿದ ಮನೆಯನ್ನು ಕೆಡವಲಾಯಿತು; ಅಲ್ಲಿ ಯಾರೂ ಉಣ್ಣುತ್ತಿರಲಿಲ್ಲವಾಗಿ ಆಕ್ಷೇಪಣೆ ಬರಲಿಲ್ಲ. ನಮ್ಮ ಕಚೇರಿಯ ಕೈಪಿಡಿಯಲ್ಲಿ ಅದರ ಜಾಗಕ್ಕೆ ಊಟದ ಮನೆಯನ್ನು ಸೇರಿಸಿ ನೋಡತಕ್ಕವನ್ನು ನಾಲ್ಕಕ್ಕೇ ಸರಿದೂಗಿಸಿದೆ. ಉಣ್ಣತಕ್ಕದ್ದರ ಪುಟದಲ್ಲಿ ‘ನೋಡತಕ್ಕದ್ದರ ಪುಟವನ್ನು ನೋಡಿ’ ಎಂದು ಹಾಕಿಸಿದೆ. ಜನ ಹೊಸ್ತಿಲ ಹೊರಗೆ ಸಾಲುಗಟ್ಟಿ ನಿಂತು, ಹೊಟ್ಟೆ ಚುರುಗುಡುತ್ತಿದ್ದರೂ ಹನ್ನೊಂದು ಜನ ಬೋಟಿ ತಿನ್ನುವುದನ್ನು ಭಕ್ತಿಯಿಂದ ನೋಡುತ್ತಿದ್ದರು. ಬೊನಾಲ್ ಅವರು ಪತ್ರಿಕೆಯವರ ಮುಂದೆ, "ಮೊದಲಿಂದ್ಲೂ ಇದೇ ನನ್ನ ಕನಸು," ಎಂದರು.

ನಾನು ಮಾತ್ರ ಬೆಂಚಿನ ಮೇಲೆ ಕೂತು ತಣ್ಣನೆ ಬ್ರೆಡ್ಡು ತಿನ್ನುತ್ತಿದ್ದೆ. ಒಂದು ದಿನ ಲಗಾರಿಗ್ ಎರಡು ಗಂಟೆಗೆ ಹೊರಬಂದವನೇ ನನ್ನ ಪಕ್ಕ ಕುಸಿದ.

"ಕಬಾನ್, ನಿಂಗೆ ಬೋಟಿ ಅಂದ್ರೆ ಪ್ರಾಣ ಅಲ್ವೇನಯ್ಯಾ?"

"ಪ್ರಾಣ."

"ನಂಗೆ ಪ್ರಾಣಸಂಕಟ. ನಲವತ್ತು ವರ್ಷ ಸೈಕಲ್ ತುಳಿದು ಊರಿಗೆಲ್ಲ ಕಾಗದ ಹಂಚಿದ್ದಕ್ಕೆ ಇದಾ ನಂಗೆ ಪಿಂಚಣಿ? ನನ್ನ ಜಾಗ ನೀನು ತಗೋ ಮಾರಾಯಾ, ಕೈ ಮುಗೀತೀನಿ."

ಇಬ್ಬರೂ ಜಂಟಿ ಅರ್ಜಿ ಹಾಕಿದೆವು. ಮೂಲ ಭಾಗ ಸುಸ್ಥಿತಿಯಲ್ಲಿರುವಾಗ ಅದನ್ನು ಬದಲಾಯಿಸಲು ಅವಕಾಶವಿಲ್ಲವೆಂದು ವಾಪಸು ಬಂತು. ಆ ಕಾಗದ ಓದಿದ ಮರುದಿನ ಲಗಾರಿಗ್ ತಾನು ಸುಸ್ಥಿತಿಯಲ್ಲಿರುವಾಗಲೇ ಊರು ಬಿಟ್ಟ. ನಗರಸಭೆಯ ಗೋಡೆಗೆ ಪ್ರಕಟಣೆ ಅಂಟಿಸಿದೆವು: ‘ಸ್ಮಾರಕದ ಭಾಗ ಸಂಖ್ಯೆ 7 ಕಾಣೆಯಾಗಿದೆ. ಎತ್ತರ ಒಂದು ಮೀಟರು ಎಪ್ಪತ್ತೆರಡು. ಮೀಸೆ ಮೂಲದ್ದು. ಕಂಡವರು ಮುಟ್ಟದೆ ಇಲಾಖೆಗೆ ತಿಳಿಸತಕ್ಕದ್ದು.’

ಎರಡು ತಿಂಗಳ ಮೇಲೆ ಭಾಗ ಸಂಖ್ಯೆ 7 ಸಮುದ್ರದ ಊರೊಂದರಲ್ಲಿ ಹುರಿದ ಮೀನು ತಿನ್ನುತ್ತಿರುವುದು ಪತ್ತೆಯಾಯಿತು. ಮೀನು ತಿಂದಿದ್ದರಿಂದ ಅದರ ಮೂಲತನ ಕೆಟ್ಟಿದೆ, ಇನ್ನು ಹಿಂದಕ್ಕೆ ತರುವುದು ನಿರರ್ಥಕ ಎಂದು ಮೊಸ್ಯೆ ತೆರೋ ವರದಿ ಕೊಟ್ಟರು. ನಿಯಮದ ಪ್ರಕಾರ ನಷ್ಟವಾದ ಭಾಗದ ಜಾಗದಲ್ಲಿ ತದ್ರೂಪು ಪ್ರತಿಯನ್ನು ಕೂರಿಸಬಹುದು. ಊರಿನಲ್ಲಿ ಆ ಎತ್ತರದ ಮನುಷ್ಯ ನಾನೊಬ್ಬನೇ. ಅರ್ಜಿ ಫಾರಂ ಕೈಗೆ ಬಂದದ್ದೇ ನಿಂತಲ್ಲೇ ತುಂಬಿಬಿಟ್ಟೆ.

ಷರತ್ತುಗಳು ಸರಳವಾಗಿದ್ದವು. ಮೀಸೆ ಬೆಳೆಸಬೇಕು. ಅಂಚೆಯವನ ಹಳೆಯ ಟೋಪಿ ಹಾಕಬೇಕು. ಫರ್ನಾಂದ್ ಎಂದು ಕರೆದರೆ ಓಗೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬೋಟಿಯನ್ನು ಮುಖ ಸಿಂಡರಿಸಿಕೊಂಡೇ ತಿನ್ನಬೇಕು. ಇಷ್ಟಪಟ್ಟು ತಿಂದದ್ದು ಕಂಡುಬಂದಲ್ಲಿ ನೇಮಕಾತಿ ರದ್ದು. ನನ್ನ ಕುರ್ಚಿ ಸಂಖ್ಯೆ 9 ನನ್ನ ಎದುರಿಗೇ ಖಾಲಿ ಇರುತ್ತದೆ, ಅದರ ಕಡೆ ಆಸೆಯಿಂದ ನೋಡಕೂಡದು. ನಾನು ಎಲ್ಲದಕ್ಕೂ ಸಹಿ ಹಾಕಿದೆ.

ಮೊದಲ ದಿನ ಹೊಸ್ತಿಲು ದಾಟಿದಾಗ ಬೋಟಿಯ ಘಮಕ್ಕೆ ಎದೆ ತುಂಬಿಬಂತು. ಆ ಸಂತೋಷವನ್ನು ಮೀಸೆಯ ಕೆಳಗೆ ಅಡಗಿಸಿಡಲು ಪಟ್ಟ ಪಾಡು ನನಗೇ ಗೊತ್ತು. ಒಂದು ವಾರ ಬಹಳ ಕಷ್ಟಪಟ್ಟು ನಟಿಸಿದೆ. ಎರಡನೇ ತಿಂಗಳ ಹೊತ್ತಿಗೆ ನಟಿಸುವ ಅಗತ್ಯ ಬೀಳಲಿಲ್ಲ. ಈಗ ನನ್ನ ಮುಖ ಮೂಲಕ್ಕಿಂತ ಚೆನ್ನಾಗಿ ಸಿಂಡರಿಸುತ್ತದೆಂದು ವಾರ್ಷಿಕ ತಪಾಸಣೆಯಲ್ಲಿ ಷರಾ ಬರೆದಿದ್ದಾರೆ.

ಊರಿಗೆಲ್ಲ ಇದು ಒಗ್ಗಿಹೋಗಿದೆ. ಬೀದಿಯಲ್ಲಿ ಸಿಕ್ಕವರು "ನಮಸ್ಕಾರ ಫರ್ನಾಂದ್" ಅನ್ನುತ್ತಾರೆ. ಸಂಜೆ ನಾನು ಕಚೇರಿಯಿಂದ ಬರುವಾಗ ಲಗಾರಿಗ್‌ನ ಅಕ್ಕ ಕಿಟಕಿಯಿಂದ ಕೂಗಿ, ಸ್ವೆಟರ್ ಹಾಕಿಕೊಂಡಿದ್ದೇನೆಯೋ ಇಲ್ಲವೋ ಎಂದು ವಿಚಾರಿಸುತ್ತಾಳೆ. ನೋಡಲು ಬರುವವರು ಹೆಚ್ಚುತ್ತಿದ್ದಾರೆ. ಎಲ್ಲಿ ಊಟ ಸಿಗುತ್ತದೆಂದು ಕೇಳಲು ಕೆಲವರು ಕಚೇರಿಯ ಬಾಗಿಲು ಬಡಿಯುತ್ತಾರಂತೆ, ಆದರೆ ಆ ವೇಳೆಯಲ್ಲಿ ನಾನು ಸ್ಮಾರಕದಲ್ಲಿರುತ್ತೇನೆ.

ಪ್ರತಿದಿನ ಹನ್ನೆರಡೂ ನಲವತ್ತಕ್ಕೆ ಹೊರಗಿನ ಸಾಲು ನಿಶ್ಶಬ್ದವಾಗುತ್ತದೆ. ನಾನು ಚಮಚ ಕೆಳಗಿಟ್ಟು ತಲೆ ಎತ್ತುತ್ತೇನೆ.

"ಉಪ್ಪು ಜಾಸ್ತಿ ಆಯ್ತು, ಮದಾಮ್."

ಅಡುಗೆಮನೆಯ ಬಾಗಿಲಲ್ಲಿ ನಿಂತ ಮದಾಮ್ ಸಬಾತ್ಯೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾರೆ. ಕಣ್ಣು ಒದ್ದೆಯಾಗಿರುತ್ತದೆ. ಅದು ಮೂಲ ದಾಖಲೆಯಲ್ಲಿಲ್ಲ, ಆದರೆ ಇದುವರೆಗೆ ಯಾರೂ ಆಕ್ಷೇಪಿಸಿಲ್ಲ.

"ನಾಳೆ ಸರಿ ಮಾಡ್ತೀನಿ," ಎನ್ನುತ್ತಾರೆ. "ತಿನ್ನಪ್ಪ ಸುಮ್ನೆ."

ಹೊರಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಾನು ತಿನ್ನುತ್ತೇನೆ.